ದಿಮ್ಮಿ ಜಾರುವುದು ಯಾವ ಆವೃತ್ತಿಯಲ್ಲಿ?

ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿಯ ಅಸೈನ್‌ಮೆಂಟಿಗೆ ನಾನು ಸೊನ್ನೆ ಹಾಕಿದ್ದೆ. ಹ್ಯಾಲಿಡೇ, ರೆಸ್ನಿಕ್, ವಾಕರ್ ಬರೆದ ಭೌತಶಾಸ್ತ್ರ ಪುಸ್ತಕದಿಂದ ಹತ್ತು ಲೆಕ್ಕಗಳ ನಂಬರ್ ಕೊಟ್ಟಿದ್ದೆ. ಅವಳು ಹತ್ತನ್ನೂ ಮಾಡಿ ತಂದಿದ್ದಳು, ಆದರೆ ಅದರಲ್ಲಿ ಒಂದೂ ನಾನು ಕೇಳಿದ್ದಲ್ಲ. ಯಾರದೋ ನೋಟ್ಸ್ ನೋಡಿ ಇಳಿಸಿದ್ದಾಳೆ ಅಂದುಕೊಂಡೆ. ಅಂದುಕೊಂಡದ್ದನ್ನು ಕ್ಲಾಸಿನಲ್ಲೇ ಅಂದೂಬಿಟ್ಟೆ.

ಸಂಜೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. ಅವೆನ್ಯೂ ರಸ್ತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಪ್ರತಿ. ನನ್ನದಕ್ಕಿಂತ ಎರಡು ಆವೃತ್ತಿ ಹಿಂದಿನದು. "ಸರ್, ನಂಬರ್ ನೀವು ಹೇಳಿದ್ದೇ. ಇದರಲ್ಲಿ ಲೆಕ್ಕ ಬೇರೆ ಇದೆ. ಉತ್ತರ ಸರಿ ಇದೆಯಾ ನೋಡಿ ಸರ್" ಅಂದಳು. ನೋಡಿದೆ. ಹತ್ತರಲ್ಲಿ ಒಂಬತ್ತು ಸರಿ.

ಅಂಕ ತಿದ್ದಿದೆ. ಆದರೆ ಮುಂದಿನ ತಿಂಗಳು ಅವಳ ಕೈಯಲ್ಲಿ ಹೊಸ ಪುಸ್ತಕವಿತ್ತು. ಅವಳ ಅಪ್ಪ ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವವರು. ಆ ಪುಸ್ತಕದ ದುಡ್ಡು ಎಲ್ಲಿಂದ ಬಂತು ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ.

"ಲೇಟೆಸ್ಟ್ ಎಡಿಶನ್ನೇ ತನ್ನಿ" ಎಂದು ಪ್ರತಿ ಜೂನ್‌ನಲ್ಲಿ ಹೇಳುವ ನನ್ನಂಥ ಮೇಷ್ಟ್ರುಗಳ ಮೇಲೆ ನನ್ನ ತಕರಾರು ಇದು. ಆ ಮಾತು ಭೌತಶಾಸ್ತ್ರದ ಹಿತಕ್ಕೆ ಆಡಿದ್ದಲ್ಲ. ಬೋರ್ಡಿನ ಮೇಲೆ ನಂಬರ್ ಬರೆದು ಕೈತೊಳೆದುಕೊಳ್ಳುವ ನಮ್ಮ ಅನುಕೂಲಕ್ಕೆ ಆಡಿದ್ದು. 1970ರಲ್ಲಿ ಮೊದಲು ಬಂದ ಈ ಪುಸ್ತಕ ಈಗ ಹತ್ತು ಆವೃತ್ತಿ ದಾಟಿದೆ. ಲೆಕ್ಕಗಳ ಸಂಖ್ಯೆ ಅದಲುಬದಲಾಗಿದೆ, ಚಿತ್ರಗಳಿಗೆ ಬಣ್ಣ ಬಂದಿದೆ. ಇಳಿಜಾರಿನಲ್ಲಿ ಜಾರುವ ದಿಮ್ಮಿ ಮಾತ್ರ ಅಂದು ಜಾರಿದಂತೆಯೇ ಇಂದೂ ಜಾರುತ್ತದೆ. ನ್ಯೂಟನ್ ಅದರ ನಿಯಮ ಅಚ್ಚು ಹಾಕಿಸಿದ್ದು 1687ರಲ್ಲಿ.

ಹಾಗಾದರೆ ಗುಜರಿಯಲ್ಲಿ ಸಿಕ್ಕ ಯಾವ ಪುಸ್ತಕವಾದರೂ ಆದೀತೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಕೊಳ್ಳುವ ಮುಂಚೆ ನೋಡಬೇಕಾದದ್ದು ಇದೆ, ಆದರೆ ಅದು ಮುಖಪುಟದ ಇಸವಿಯಲ್ಲ.

ಮೊದಲು ಲೇಖಕರ ಹೆಸರು ಪೂರ್ತಿ ಓದಿ. ರೆಸ್ನಿಕ್, ಹ್ಯಾಲಿಡೇ, ಕ್ರೇನ್ ಹೆಸರಿನದು ಬೇರೆಯೇ ಪುಸ್ತಕ. ಅವಸರದಲ್ಲಿ ಒಂದರ ಬದಲು ಇನ್ನೊಂದನ್ನು ತಂದವರು ನನ್ನ ಕ್ಲಾಸಿನಲ್ಲೇ ಇದ್ದಾರೆ. ಆಮೇಲೆ ಮಾನಗಳು. ವಿದ್ಯುತ್ ಮತ್ತು ಕಾಂತತ್ವದ ಬಗ್ಗೆ ಪರ್ಸೆಲ್ ಬರೆದ ಪುಸ್ತಕದ ಎರಡನೇ ಆವೃತ್ತಿ ಗೌಸಿಯನ್ ಮಾನದಲ್ಲಿದೆ. 2013ರ ಮೂರನೆಯದು ಎಸ್‌ಐ ಮಾನಕ್ಕೆ ಬದಲಾಯಿತು. ಇಲ್ಲಿ ಸೂತ್ರಗಳೇ ಬೇರೆಯಾಗಿ ಕಾಣುತ್ತವೆ, ಆದ್ದರಿಂದ ಆವೃತ್ತಿ ನೋಡಲೇಬೇಕು. ಕೊನೆಗೆ ಹಿಂದಿನ ಪುಟಗಳನ್ನು ತಿರುವಿ. ಉತ್ತರಗಳ ಹಾಳೆ ಹರಿದಿದ್ದರೆ ಬೆಲೆ ಇಳಿಸಿ, ಇಲ್ಲವೇ ಬಿಟ್ಟುಬಿಡಿ.

ಉಳಿದ ಬದಲಾವಣೆಗೆ ಒಂದು ಪೆನ್ಸಿಲ್ ಸಾಕು. 1983ಕ್ಕಿಂತ ಹಳೆಯ ಪುಸ್ತಕದಲ್ಲಿ ಮೀಟರನ್ನು ಕ್ರಿಪ್ಟಾನ್ ಬೆಳಕಿನ ತರಂಗದಿಂದ ಅಳೆದಿರುತ್ತಾರೆ; ಈಗ ಬೆಳಕಿನ ವೇಗದಿಂದ. 2019ರ ಮೇ 20ರವರೆಗೆ ಕಿಲೋಗ್ರಾಂ ಎಂದರೆ ಪ್ಯಾರಿಸ್ ಬಳಿ ಇಟ್ಟಿದ್ದ ಒಂದು ಲೋಹದ ಗಟ್ಟಿ. ಈಗ ಪ್ಲಾಂಕ್ ಸ್ಥಿರಾಂಕ. ಅಂಚಿನಲ್ಲಿ ಎರಡು ಸಾಲು ಬರೆದುಕೊಳ್ಳಿ. ಹಾಗೆ ಬರೆದುಕೊಂಡವನಿಗೆ ವಿಜ್ಞಾನ ಹೇಗೆ ತನ್ನನ್ನು ತಿದ್ದಿಕೊಳ್ಳುತ್ತದೆ ಎನ್ನುವುದೂ ತಿಳಿಯುತ್ತದೆ. ಹೊಸ ಪುಸ್ತಕವನ್ನಷ್ಟೇ ಓದಿದವನಿಗೆ ತಿದ್ದಿದ ಗುರುತೇ ಕಾಣುವುದಿಲ್ಲ.

ಪಿಯು ಮಕ್ಕಳ ಮಾತು ಬೇರೆ. ಪರೀಕ್ಷೆಗೆ ಈಗಿನ ಎನ್‌ಸಿಇಆರ್‌ಟಿ ಪುಸ್ತಕವೇ ಬೇಕು, ಅದರಲ್ಲಿ ವಾದವಿಲ್ಲ. ಆದರೆ ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಹನ್ನೊಂದನೇ ತರಗತಿಯ ಮೊದಲ ಅಧ್ಯಾಯವನ್ನೇ ತೆಗೆದುಹಾಕಿದ್ದಾರೆ. ಭೌತಶಾಸ್ತ್ರ ಎಂದರೇನು ಎಂದು ನಿಧಾನವಾಗಿ ಹೇಳುತ್ತಿದ್ದ ಅಧ್ಯಾಯ ಅದು. ರಾಮನ್, ಸಹಾ, ಬೋಸ್ ಹೆಸರುಗಳು ಗೆಲಿಲಿಯೋ, ನ್ಯೂಟನ್ ಜೊತೆ ಒಂದೇ ಪಟ್ಟಿಯಲ್ಲಿದ್ದವು. ಆ ಹಳೆಯ ಪುಸ್ತಕ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುವ ಮುಂಚೆ ಒಂದು ಪ್ರತಿ ಎತ್ತಿಟ್ಟುಕೊಳ್ಳಿ. ಅಂಕಕ್ಕೆ ಹೊಸದು, ಅರಿವಿಗೆ ಹಳೆಯದು.

ಹೆಬ್ಬಾಳ ದಾಟಿ ಊರೊಳಗೆ ಬರುವಾಗ ಮೇಖ್ರಿ ವೃತ್ತದ ಹತ್ತಿರ ರಾಮನ್ ಸಂಶೋಧನಾ ಸಂಸ್ಥೆ ಸಿಗುತ್ತದೆ. 1948ರಲ್ಲಿ ರಾಮನ್ ಅವರೇ ಕಟ್ಟಿದ್ದು. ತಮ್ಮ ಮೇಲೆ ಪ್ರಭಾವ ಬೀರಿದವು ಎಂದು ಅವರು ಹೇಳಿಕೊಂಡ ಪುಸ್ತಕಗಳಲ್ಲಿ ಒಂದು ಯೂಕ್ಲಿಡನ ರೇಖಾಗಣಿತ, ಇನ್ನೊಂದು ನಾದದ ಬಗ್ಗೆ ಹೆಲ್ಮ್‌ಹೋಲ್ಟ್ಸ್ ಬರೆದ ಗ್ರಂಥ. ಎರಡನೆಯದು ಜರ್ಮನ್ ಭಾಷೆಯಲ್ಲಿ ಬಂದದ್ದು 1863ರಲ್ಲಿ, ರಾಮನ್ ಹುಟ್ಟುವುದಕ್ಕೆ 25 ವರ್ಷ ಮೊದಲು. ಮುಂದೆ ಅವರು ಮೃದಂಗದ ನಾದದ ಮೇಲೆ ಸಂಶೋಧನೆ ಮಾಡಿದರು. ಪುಸ್ತಕ ಹಳೆಯದಾಯಿತು ಎಂದು ಅವರನ್ನು ಯಾರೂ ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಲಿಲ್ಲ.

ನಾನು ನಿಲ್ಲಿಸಿದ್ದೆ. ಈಗ ಲೆಕ್ಕಗಳನ್ನು ಬೋರ್ಡಿನ ಮೇಲೆ ಪೂರ್ತಿ ಬರೆಯುತ್ತೇನೆ. ಹದಿನೈದು ನಿಮಿಷ ಹೋಗುತ್ತದೆ, ಕೈತುಂಬ ಚಾಕ್‌ಪುಡಿ. ಯಲಹಂಕದಿಂದ ಬರುವ ಹುಡುಗ ಅಣ್ಣನ ಪುಸ್ತಕ ತರುತ್ತಾನೆ, ಆರ್.ಟಿ. ನಗರದ ಹುಡುಗಿ ಹೊಸದು ತರುತ್ತಾಳೆ. ಇಬ್ಬರೂ ಒಂದೇ ಲೆಕ್ಕ ಮಾಡುತ್ತಾರೆ. ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಆ ಹದಿನೈದು ನಿಮಿಷವನ್ನು ನೀವೂ ಕೊಡಿ. ಇಲ್ಲದಿದ್ದರೆ ಅದರ ಬೆಲೆಯನ್ನು ಮೂಟೆ ಹೊರುವವರೊಬ್ಬರು ಕಟ್ಟಬೇಕಾಗುತ್ತದೆ.