ಮಿಸೆಸ್ ಜಾನ್ ಮರ್ಫಿ ಯಾರ ಪೈಕಿ?

ಮೊನ್ನೆ ನಮ್ಮ ಮಾವನವರ ಸಹಸ್ರಚಂದ್ರ ದರ್ಶನ ಶಾಂತಿಗೆ ಬಂದವರಿಗೆಲ್ಲಾ ಊಟಾದ ಮ್ಯಾಲ ತಾಂಬೂಲದ ಜೋಡಿ ಒಂದೊಂದು ವಂಶಾವಳಿ ಕೊಟ್ರು. ನೀವೂ ತೊಗೊಂಡು ಹೋಗೀರಿ. ಅದನ್ನ ಮಾಡಿದಾಂವ ನಮ್ಮ ಭಾವನವರ ಮಗ. ಗಿಡದ ಚಿತ್ರ, ಟೊಂಗಿ ಟೊಂಗಿಗೆ ಹೆಸರು. ಛಂದ ಮಾಡ್ಯಾನ, ಸುಳ್ಳ್ಯಾಕ ಹೇಳ್ಲಿ. ಅದೇ ಹುಡುಗ ತನ್ನ ಖೋಲಿ ಗ್ವಾಡಿಗೆ ಇನ್ನೊಂದು ವಂಶಾವಳಿ ಅಂಟಿಸ್ಯಾನ. ಅದು ಅಮೆರಿಕಾದ ಇಂಡೀ ರಾಕ್ ಬ್ಯಾಂಡಿನವರದ್ದು. ಯಾರು ಯಾವ ಬ್ಯಾಂಡ್ ಬಿಟ್ಟು ಯಾವ ಬ್ಯಾಂಡ್ ಸೇರಿದ್ರು ಅಂತ ಅಲ್ಲಿಂದ ಇಲ್ಲಿಗೆ ಗೆರಿ ಎಳದಾನ. ಕಸಾ ಹುಡುಗಲಿಕ್ಕೆ ಹೋದಾಕಿ ಕಸಬರಗಿ ಹಿಡಕೊಂಡು ನಿಂತು ಪೂರ್ತಿ ಓದಿದೆ. "ಅರ್ಧಾ ಗೆರಿ ಬಿಟ್ಟೀಯಲ್ಲೋ, ಇವರಿಬ್ಬರೂ ಅಕ್ಕ-ತಂಗಿ, ಈ ಡ್ರಮ್ಸಿನಾಂವ ಆಕೀ ಗಂಡನ ದೋಸ್ತ" ಅಂದೆ. ಹುಡುಗ ನಕ್ಕ. "ಕಾಕೂ, ಅದು ಹರಟಿ. ಇದು ಮ್ಯೂಸಿಕ್ ಹಿಸ್ಟರಿ."

ಹರಟಿ ಅಂತ! ಇವತ್ತ ಗುರೆಳ್ಳ ಚಟ್ನಿ ಬಗ್ಗೆ ಬರೀಬೇಕಂತ ಮಾಡಿದ್ದೆ, ಅದು ಮುಂದಿನ ಸರ್ತೆ. ಇವತ್ತ ಈ ಮಾತಿಗೆ ಉತ್ತರಾ ಕೊಡದ ನನಗ ನಿದ್ದಿ ಬರಂಗಿಲ್ಲ.

ಈ ಹುಚ್ಚು ನನಗ ಹಳೇದು ಅನ್ನೋದು ನಿಮಗ ಗೊತ್ತದ. ಹುಬ್ಬಳ್ಳ್ಯಾಗ ಕೇಬಲ್ ಹೊಸದಾಗಿ ಬಂದಾಗ ಬಾಜೂ ಮನ್ಯಾಗ ಎಂಟಿವಿ ಹಚ್ಚತಿದ್ರು. ಒಂದಿನಾ ಒಂದು ಹಾಡು ಬಂತು. ರಸ್ತಾದ ಮ್ಯಾಲ ಒಂದು ಕಬ್ಬಿಣದ ಗುಂಡು ಉಳ್ಳಿಕೋತ ಹೊಂಟದ, ಒಬ್ಬಾಕಿ ನೀರಾಗ ಮುಖಾ ಮುಳುಗಿಸಿಕೊಂಡು ಹಾಡ್ಲಿಕ್ಕತ್ಯಾಳ, ಥೇಟ್ ಆಕಿಯಂಥಾಕೀನ ಇನ್ನೊಬ್ಬಾಕಿ ಗಿಟಾರ್ ಹಿಡದಾಳ. ಹಾಡಿನ ಹೆಸರು ಕ್ಯಾನನ್‌ಬಾಲ್, ಬ್ಯಾಂಡು ಬ್ರೀಡರ್ಸ್, ವರ್ಷ 1993. ಅವರಿಬ್ಬರೂ ಅವಳಿ ಹುಡುಗ್ಯಾರು, ಕಿಮ್ ಡೀಲ್ ಮತ್ತ ಕೆಲ್ಲಿ ಡೀಲ್, ಓಹಾಯೋ ರಾಜ್ಯದ ಡೇಟನ್ ಊರಿನವರು. ಆ ವಿಡಿಯೋ ಮಾಡಿದ ಇಬ್ಬರೊಳಗ ಒಬ್ಬಾಕಿ ಕಿಮ್ ಗಾರ್ಡನ್, ಆಕಿ ಸಾನಿಕ್ ಯೂತ್ ಅನ್ನೋ ಬ್ಯಾರೆ ಬ್ಯಾಂಡಿನಾಕಿ. ಅವತ್ತಿನಿಂದ ನನ್ನ ವಹಿ ಸುರು ಆತು. ಒಂದು ಕಡೆ ಕಿರಾಣಿ ಲೆಕ್ಕ, ತಿರುವಿ ಹಿಡದ್ರ ಇವರ ಸಂಬಂಧ.

ಇಂಡೀ ಅಂದ್ರ ಏನು ಅಂತ ಕೆಳಗಿನ ಮನಿ ವೈನಿ ಕೇಳಿದ್ರು. ದೊಡ್ಡ ಕಂಪನಿ ಗೊಡವಿಗೆ ಹೋಗದ ಸಣ್ಣ ಲೇಬಲ್ಲಿನವರ ಕಡೆಯಿಂದ ರೆಕಾರ್ಡ್ ತಂದ ಮಂದೀರಿ ಇವರು, ಸುರುವಿಗಂತೂ ಹಂಗ. ರೊಕ್ಕಾ ಕಡಿಮಿ, ಕೇಳೋರು ಕಡಿಮಿ. ಅದಕ್ಕ ಒಬ್ಬರ ಮನಿ ವಾದ್ಯ ಇನ್ನೊಬ್ಬರ ಕೈಯಾಗ, ಒಬ್ಬರ ಡ್ರಮ್ಸಿನಾಂವ ನಾಳೆ ಇನ್ನೊಬ್ಬರ ಹಿಂದ. ಇಂಥಾಲ್ಲೆ ಯಾರು ಯಾರ ಪೈಕಿ ಅಂತ ಕೇಳದ ಏನೂ ತಿಳಿಯಂಗಿಲ್ಲ.

ಈಗ ಕೇಳ್ರಿ. ರೋಡ್ ಐಲೆಂಡ್ ರಾಜ್ಯದಾಗ ನ್ಯೂಪೋರ್ಟ್ ಅಂತ ಸಮುದ್ರದಂಡಿ ಊರು. ಅಲ್ಲೆ ಕ್ರಿಸ್ಟಿನ್ ಹರ್ಶ್, ಟಾನ್ಯಾ ಡೊನೆಲ್ಲಿ ಅಂತ ಇಬ್ಬರು ಹುಡುಗ್ಯಾರು. ಸಣ್ಣವರಿದ್ದಾಗಿನಿಂದ ಗೆಳತ್ಯಾರು. ಮುಂದ ಈಕೀ ತಾಯಿ ಆಕೀ ತಂದೀನ್ನ ಲಗ್ನಾ ಆದ್ಲು, ಇಬ್ಬರೂ ಅಕ್ಕ-ತಂಗಿ ಆಗಿಬಿಟ್ರು. ಸಾಲಿಗೆ ಹೋಗೋವಾಗನ, 1980ರ ದಶಕದ ಸುರುವಿಗೆ, ಇಬ್ಬರೂ ಕೂಡಿ ಥ್ರೋಯಿಂಗ್ ಮ್ಯೂಸಸ್ ಅನ್ನೋ ಬ್ಯಾಂಡ್ ಕಟ್ಟಿದ್ರು. 1986ಕ್ಕ ಅವರ ಮೊದಲನೇ ಆಲ್ಬಮ್ ಬಂತು, ಲಂಡನ್ನಿನ ಫೋರ್ ಎಡಿ ಲೇಬಲ್ಲಿನಿಂದ. ಆ ಲೇಬಲ್ಲಿನವರು ಅಮೆರಿಕಾದ ಬ್ಯಾಂಡ್ ತೊಗೊಂಡಿದ್ದು ಅದೇ ಮೊದಲು. ಕ್ರಿಸ್ಟಿನ್ ಆವಾಗ ಬಸುರಿ, ಇನ್ನೂ ಇಪ್ಪತ್ತು ತುಂಬಿದ್ದಿಲ್ಲ. ಅದೆಲ್ಲಾ ಮುಂದ ಆಕೀನ "ರ್‍ಯಾಟ್ ಗರ್ಲ್" ಅನ್ನೋ ಪುಸ್ತಕದಾಗ ಬರದಾಳ.

ಅದ ವರ್ಷ ಬಾಸ್ಟನ್ನಿನ್ಯಾಗ ಇಬ್ಬರು ಹುಡುಗರು ಪತ್ರಿಕಾದಾಗ ಜಾಹೀರಾತು ಕೊಟ್ರು, ಬೇಸ್ ಗಿಟಾರ್ ಬಾರಸೋರು ಬೇಕಾಗ್ಯಾರ ಅಂತ. ಹುಸ್ಕರ್ ಡೂ ಅನ್ನೋ ಗದ್ದಲದ ಬ್ಯಾಂಡೂ ಸೇರಬೇಕು, ಪೀಟರ್ ಪಾಲ್ ಅಂಡ್ ಮೇರಿ ಅನ್ನೋ ಮೆತ್ತಗಿನ ಜಾನಪದದವರೂ ಸೇರಬೇಕು. ಇಂಥಾ ಜಾಹೀರಾತಿಗೆ ಯಾರು ಬರ್ತಾರ್ರಿ? ಒಬ್ಬಾಕಿ ಬಂದ್ಲು. ಡೇಟನ್ನಿನ ಕಿಮ್, ಲಗ್ನಾಗಿ ಗಂಡನ ಜೋಡಿ ಹೊಸದಾಗಿ ಆ ಊರಿಗೆ ಬಂದಾಕಿ. ಆಕೀ ಹಂತೇಲೆ ಬೇಸ್ ಗಿಟಾರ್ ಇದ್ದಿದ್ದಿಲ್ಲ, ಬಾರಿಸಿ ಗೊತ್ತೂ ಇದ್ದಿದ್ದಿಲ್ಲ. ತವರಮನ್ಯಾಗ ಕೆಲ್ಲೀದೊಂದಿತ್ತು, ಅದನ್ನ ಇಸಕೊಂಡ್ಲು. ಡ್ರಮ್ಸಿಗೆ ಕೆಲ್ಲೀನ್ನ ಕರಸಿ ನೋಡಿದ್ಲು, ಕೆಲ್ಲಿಗೆ ಧೈರ್ಯ ಸಾಲಲಿಲ್ಲ. ಆವಾಗ ಆಕೀ ಗಂಡನ ಕಡೆಯಿಂದ ಡೇವಿಡ್ ಲವರಿಂಗ್ ಅನ್ನಾಂವ ಬಂದ. ರೇಡಿಯೋ ಶ್ಯಾಕ್ ಅಂಗಡ್ಯಾಗ ಕೆಲಸಾ ಮಾಡೋವಾಗಿನ ಪರಿಚಯ. ಬ್ಯಾಂಡಿನ ಹೆಸರು ಪಿಕ್ಸೀಸ್.

ಈಗ ನಮ್ಮ ಹುಡುಗನ್ನ ಕೇಳ್ತೇನಿ. ನಾಕು ಮಂದಿ ಬ್ಯಾಂಡಿನ್ಯಾಗ ಬೇಸ್ ಗಿಟಾರ್ ತವರಮನೀದು, ಡ್ರಮ್ಸಿನಾಂವ ಗಂಡನ ಕಡೆಯಾಂವ. ಇದು ಹರಟಿ ಆದ್ರ ಹಿಸ್ಟರಿ ಅಂದ್ರ ಯಾವುದೋ ಮಗನ? ನಿನ್ನ ಚಿತ್ರದಾಗ ಪಿಕ್ಸೀಸ್ ಅಂತ ಒಂದು ಚೌಕೋನ ಆಕಾಶದಿಂದ ಬಿದ್ದಂಗ ಕೂತದ. ಮ್ಯಾಲಿಂದ ಗೆರೀನ ಇಲ್ಲ.

ಮತ್ತ ಆ ಕಿಮ್ ಏನು ಮಾಡಿದ್ಲು ಗೊತ್ತದೇನು? 1987ರ "ಕಮ್ ಆನ್ ಪಿಲ್‌ಗ್ರಿಮ್", 1988ರ "ಸರ್ಫರ್ ರೋಸಾ", ಈ ಎರಡೂ ರೆಕಾರ್ಡಿನ ಮ್ಯಾಲ ತನ್ನ ಹೆಸರು ಹಾಕ್ಲಿಲ್ಲ. ಮಿಸೆಸ್ ಜಾನ್ ಮರ್ಫಿ ಅಂತ ಹಾಕಿಸಿದ್ಲು. ಗಂಡನ ಪೂರ್ತಿ ಹೆಸರು, ಮುಂದ ಒಂದು ಮಿಸೆಸ್. ಗಂಡನ ಹೆಸರಿನಿಂದ ಕರದ್ರನ ಮರ್ಯಾದಿ ಅಂತ ತಿಳಕೊಂಡಿದ್ದ ಹೆಂಗಸೊಬ್ಬಾಕಿ ಭೆಟ್ಟಿ ಆಗಿದ್ಲಂತ, ಅದಕ್ಕ ಕಿಮ್ ಮಾಡಿದ ಚಾಷ್ಟಿ ಅದು. ಆಕಿ ಬರಿಯೋದ್ರಾಗ ಪಾಲ್ಗೊಂಡು ತಾನ ಹಾಡಿದ "ಜೈಗ್ಯಾಂಟಿಕ್" ಹಾಡಿನ ಮುಂದನೂ ಅದೇ ಹೆಸರು. ಅವರಿಗೆ ಅದು ಚಾಷ್ಟಿ. ನಮಗ? ನನ್ನ ಲಗ್ನದಾಗ ತಾಟಿನ್ಯಾಗ ಅಕ್ಕಿ ಹರವಿ, ಅದರ ಮ್ಯಾಲ ಉಂಗುರದಿಂದ ಹೊಸಾ ಹೆಸರು ಬರಸಿದ್ರು. ಅವತ್ತಿನಿಂದ ಹಳೇ ಹೆಸರಿನಿಂದ ಕರಿಯೋರು ನಮ್ಮ ಅವ್ವ ಒಬ್ಬಾಕೀನ ಉಳದ್ಲು. ಓದೋರೊಳಗ ಹಿಂಗ ಅಕ್ಕಿ ಮ್ಯಾಲ ಬರಸಿಕೊಂಡವರು ಎಷ್ಟು ಮಂದಿ ಇದ್ದೀರಿ ನನಗ ಗೊತ್ತದ.

ಇರಲಿ, ಹೊಳ್ಳಿ ಅಲ್ಲಿಗೇ ಬರ್ತೇನಿ. 1988ರಾಗ ಪಿಕ್ಸೀಸ್‌ನವರು ಥ್ರೋಯಿಂಗ್ ಮ್ಯೂಸಸ್ ಜೋಡಿ ಯುರೋಪಿಗೆ ಹೋದ್ರು. ಕಿಮ್, ಟಾನ್ಯಾ ಗೆಳತ್ಯಾರಾದ್ರು. ಇಬ್ಬರದೂ ಒಂದು ಹಣೇಬರಹ. ಇಬ್ಬರ ಬ್ಯಾಂಡಿನ್ಯಾಗೂ ಹಾಡು ಕಟ್ಟೋರು ಬ್ಯಾರೆಯವರು, ಇವರ ಹಾಡಿಗೆ ಜಾಗಾ ಸಾಲತಿದ್ದಿಲ್ಲ. ಕೂಡಿ ಬ್ರೀಡರ್ಸ್ ಮಾಡಿದ್ರು. ಆ ಹೆಸರು ಸುದ್ಧಾ ಮನೀದ, ಕಿಮ್ ಮತ್ತ ಕೆಲ್ಲಿ ಹುಡುಗ್ಯಾರಿದ್ದಾಗ ಇಬ್ಬರೂ ಕೂಡಿ ಹಾಡ್ಲಿಕ್ಕೆ ಇಟ್ಟುಕೊಂಡಿದ್ದು. ಮೊದಲನೇ ಆಲ್ಬಮ್ "ಪಾಡ್", 1990. ಸ್ಕಾಟ್ಲೆಂಡಿನ ಎಡಿನ್‌ಬರಾದಾಗ ಸ್ಟೀವ್ ಅಲ್ಬೀನಿ ರೆಕಾರ್ಡ್ ಮಾಡಿದಾಂವ, ಸರ್ಫರ್ ರೋಸಾ ಮಾಡಿದಾಂವನೂ ಅಂವನ. ಬೇಸಿಗೆ ಪರ್ಫೆಕ್ಟ್ ಡಿಸಾಸ್ಟರ್ ಬ್ಯಾಂಡಿನ ಜೋಸೆಫೀನ್ ವಿಗ್ಸ್. ಡ್ರಮ್ಸಿಗೆ ಸ್ಲಿಂಟ್ ಬ್ಯಾಂಡಿನ ಬ್ರಿಟ್ ವಾಲ್‌ಫರ್ಡ್, ಆದ್ರ ರೆಕಾರ್ಡಿನ ಮ್ಯಾಲ ಶ್ಯಾನನ್ ಡೌಟನ್ ಅನ್ನೋ ಸುಳ್ಳ ಹೆಸರು. ಗಂಡಸೂ ಹೆಸರು ಮುಚ್ಚಿಕೋತಾನ ನೋಡ್ರಿ, ಆದ್ರ ಯಾರದೋ ಗಂಡ ಅಂತ ಅಲ್ಲ. ಮುಂದ ಟಾನ್ಯಾ ಬಿಟ್ಟು ಬೆಲ್ಲಿ ಅನ್ನೋ ತನ್ನದ ಬ್ಯಾಂಡ್ ಮಾಡಿದ್ಲು, ಜೋಡಿ ನ್ಯೂಪೋರ್ಟಿನ ಅಣ್ಣತಮ್ಮಂದಿರಿಬ್ಬರು. ಆಕೀ ಜಾಗಾಕ್ಕ ಕೆಲ್ಲಿ ಬಂದ್ಲು. ಕೆಲ್ಲಿಗೆ ಗಿಟಾರ್ ಬರತಿದ್ದಿಲ್ಲ, ಬ್ಯಾಂಡಿಗೆ ಬಂದ ಮ್ಯಾಲ ಕಲತ್ಲು. 1993ರ "ಲಾಸ್ಟ್ ಸ್ಪ್ಲ್ಯಾಶ್" ಆಕಿ ಹಂಗ ಕಲಕೋತ ಬಾರಿಸಿದ್ದು.

ಆ ಲಾಸ್ಟ್ ಸ್ಪ್ಲ್ಯಾಶ್ ಅಮೆರಿಕಾದಾಗ ಹತ್ತು ಲಕ್ಷ ದಾಟಿ ಹೋತು. ಪಿಕ್ಸೀಸ್‌ನ ಯಾವ ಆಲ್ಬಮ್ಮೂ ಆ ಕಾಲಕ್ಕ ಅಷ್ಟು ಮಾರಿದ್ದಿಲ್ಲ. ಅದ ವರ್ಷ ನಿರ್ವಾಣಾದ ಕಚೇರಿಗೆ ಮೊದಲು ಹಾಡಲಿಕ್ಕೆ ಇವರನ್ನ ಕರಕೊಂಡು ಹೋದ್ರು, ಯಾಕಂದ್ರ ಕರ್ಟ್ ಕೋಬೇನನಿಗೆ ಪಾಡ್ ಅಂದ್ರ ಜೀಂವ. ಆದ್ರೂ ಇವತ್ತಿಗೂ ಬರಿಯೋರು ಬ್ರೀಡರ್ಸಿಗೆ ಏನಂತಾರ? ಸೈಡ್ ಪ್ರಾಜೆಕ್ಟ್! ನಮ್ಮ ಓಣ್ಯಾಗ ರೊಟ್ಟಿ ಮಾಡಿ ಮಾರಿ ಎರಡು ಮಕ್ಕಳನ್ನ ಓದಿಸಿದ ಅಕ್ಕಾರಿಗೆ, "ಮನ್ಯಾಗ ಕೂತು ಏನೋ ಮಾಡ್ತಾಳ" ಅಂತಾರಲ್ಲ ಅವರ ಗಂಡ, ಹಂಗ. ನಮ್ಮ ಹುಡುಗನ ಚಿತ್ರದಾಗೂ ಪಿಕ್ಸೀಸ್ ದಪ್ಪ ಅಕ್ಷರ, ಬ್ರೀಡರ್ಸ್ ಅದರ ಕೆಳಗ ಸಣ್ಣ ಟೊಂಗಿ. ಕಿಮ್ಮಿನಿಂದ ಸುರು ಮಾಡಿ ಎಳದು ನೋಡಪಾ. ಆವಾಗ ಪಿಕ್ಸೀಸ್ ಒಂದು ಟೊಂಗಿ, ಬ್ರೀಡರ್ಸ್ ಒಂದು, 1995ರ ಆಂಪ್ಸ್ ಒಂದು, ಅದರಿಂದ ಡ್ರಮ್ಸಿನ ಜಿಮ್ ಮ್ಯಾಕ್‌ಫರ್ಸನ್ ಅದ ಊರಿನ ಗೈಡೆಡ್ ಬೈ ವಾಯ್ಸಸ್ ಬ್ಯಾಂಡಿಗೆ ಹೋದಾಂವ. ಗಿಡದ ಬುಡ ಡೇಟನ್ನಿನ ಮನ್ಯಾಗ ಬರ್ತದ.

ಹುಡುಗ ಹೇಳೋದ್ರಾಗ ಒಂದು ಮಾತು ನಾನೂ ಒಪ್ಪತೇನಿ. ಇಂಥವರ ಸುದ್ದಿ ಅಂದ್ರ ಹೊಲಸು ಸುದ್ದೀನ ಭಾಳ. 1994ರಾಗ ಕೆಲ್ಲಿ ಡ್ರಗ್ಸಿನ ಕೇಸಿನ್ಯಾಗ ಸಿಕ್ಕಾಗ ಅದನ್ನ ಚಪ್ಪರಿಸಿ ಬರದ್ರು. ಹರಟಿ ಅಂದ್ರ ಅದು. ಆಕಿ ಅದರಿಂದ ಹೊರಗ ಬಂದ್ಲು, ಮುಂದ ಹೆಣಿಕಿ ಹಿಡದ್ಲು, 2008ರಾಗ ಕೈಚೀಲ ಹೆಣಿಯೋದರ ಮ್ಯಾಲ ಪುಸ್ತಕನ ಮಾಡಿದ್ಲು. ಇದನ್ನ ಎಷ್ಟು ಮಂದಿ ಬರದ್ರು? ಟಾನ್ಯಾ ಏನು ಮಾಡಿದ್ಲು ಕೇಳ್ರಿ. ಬಾಣಂತ್ಯಾರ ಮನಿಗೆ ಹೋಗಿ ಆರೈಕಿ ಮಾಡೋ ಕೆಲಸಾ ಹಿಡದ್ಲು. ಗ್ರ್ಯಾಮಿಗೆ ಹೆಸರು ಹೋಗಿದ್ದ ಬ್ಯಾಂಡಿನಾಕಿ, ಕೂಸಿಗೆ ಹಾಲು ಕುಡಸೋದು ಹೆಂಗ ಅಂತ ಹೊಸಾ ತಾಯಂದಿರಿಗೆ ಹೇಳಿಕೊಡ್ತಾಳ! ನಮ್ಮ ಮೌಶಿ ಇದನ್ನ ಕೇಳಿ, "ಹಂಗಾರ ಆಕಿ ಶ್ಯಾಣ್ಯಾಕಿ" ಅಂದ್ಲು. ಬ್ಯಾಂಡಿನ ಚಿತ್ರದಾಗ ಮಾತ್ರ ಆ ವರ್ಷಗಳು ಬರೇ ಖಾಲಿ ಜಾಗಾ, ಏನೂ ಮಾಡಲಾರದ ಕೂತಿದ್ಲೇನೋ ಅನ್ನೋಹಂಗ.

ಕಿಮ್ಮಿನ ಚಿತ್ರದಾಗೂ ಅಂಥಾ ಖಾಲಿ ಜಾಗಾ ಅವ. ಆಕೀ ತಾಯಿಗೆ ಆಲ್‌ಝೈಮರ್ಸ್ ಆತು. ಕಿಮ್ ಡೇಟನ್ನಿಗೆ ಹೊಳ್ಳಿ ಬಂದು ನೋಡಿಕೊಂಡ್ಲು, ವರ್ಷಗಟ್ಟಲೆ. ಒಂದಿನಾ ಗುರ್ತು ಹತ್ತದ ತಾಯಿ ಆಕೀನ್ನ ನಿಂದರಿಸಿ, ನೀ ನನ್ನಾಕಿ ಏನು ಅಂತ ಕೇಳಿದ್ಲಂತ. ಅದರ ಮ್ಯಾಲ ಕಿಮ್ ಒಂದು ಹಾಡು ಕಟ್ಯಾಳ. ನಮ್ಮತ್ತಿಯವರು ಕಡೀ ಎರಡು ವರ್ಷ ನನ್ನ ಗುರ್ತು ಹಿಡೀತಿದ್ದಿಲ್ಲ, ದಿನಾ ನೀ ಯಾರ ಪೈಕಿ ಅಂತ ಕೇಳತಿದ್ರು, ನಾ ದಿನಾ ಹೇಳತಿದ್ದೆ. ಆ ಹಾಡು ಪೂರ್ತಿ ಕೇಳಲಿಕ್ಕೆ ನನಗ ಮೂರು ಸಲ ಬೇಕಾತು. ಅದು ಇರೋ ಆಲ್ಬಮ್ 2024ರ ನವೆಂಬರಿನ್ಯಾಗ ಬಂದದ. ಬರೇ ಕಿಮ್ ಡೀಲ್ ಅನ್ನೋ ಹೆಸರಿನ್ಯಾಗ ಬಂದ ಆಕೀ ಮೊದಲನೇ ಆಲ್ಬಮ್. ಆಕಿಗೆ ಆವಾಗ 63. ಮಿಸೆಸ್ ಜಾನ್ ಮರ್ಫಿ ಅಂತ ಹಾಕಿಸಿ 37 ವರ್ಷ ಆಗಿತ್ತು.

ಈ ಗಿಡಾ ಬರಿಯೋ ಕಸಬು ದೊಡ್ಡದಪಾ, ನಾ ಇಲ್ಲ ಅನ್ನಂಗಿಲ್ಲ. ಇಂಗ್ಲೆಂಡಿನ ಪೀಟ್ ಫ್ರೇಮ್ ಅನ್ನಾಂವ ಕೈಲೆ ಬರದ ರಾಕ್ ವಂಶಾವಳಿಗಳು 1980ರಾಗ ಪುಸ್ತಕ ಆಗಿ ಬಂದು, ಮುಂದ ಬಿಬಿಸಿಯವರು ಅದರ ಮ್ಯಾಲ ಕಾರ್ಯಕ್ರಮನ ಮಾಡಿದ್ರು. ಆವಾಗ ಯಾರೂ ಹರಟಿ ಅನ್ನಲಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದಾಗಂತೂ ಕೇಳಬ್ಯಾಡ್ರಿ. ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರ ಶಿಷ್ಯರು, ಅವರು ಅಬ್ದುಲ್ ಕರೀಂ ಖಾನರ ಶಿಷ್ಯರು ಅಂತ ಸಣ್ಣ ಹುಡುಗರೂ ಹೇಳ್ತಾವ. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತದ ಗಾಯಕಿ. ಅದನ್ನ ಹೇಳೋರು ಎಷ್ಟು ಮಂದಿ ಇದ್ದಾರ? ಘರಾಣೆ ಗೆರಿ ಗುರುವಿನಿಂದ ಬರ್ತದ, ತಾಯಿಯಿಂದ ಬರಂಗಿಲ್ಲ. ಗಂಡಸರು ಕೂತು ಸಂಬಂಧ ಹೇಳಿದ್ರ ಪರಂಪರಾ, ನಾವು ಹೂವಾ ಕಟಗೋತ ಹೇಳಿದ್ರ ಹರಟಿ.

ಇಷ್ಟೆಲ್ಲಾ ಹುಡುಗನ ಮುಂದ ಹೇಳಿದೆ. ಅಂವ ಸುಮ್ಮನ ಕೂತು ಕೇಳಿದ, ಕಡೀಗೆ, "ಹಂಗಾರ ನಮ್ಮ ಮನೀ ವಂಶಾವಳ್ಯಾಗ ಏನು ತಪ್ಪದ ಕಾಕೂ?" ಅಂದ. ತಂದು ಮುಂದಿಟ್ಟೆ. ಏಳು ತಲಿಮಾರು, ಗಂಡಸರ ಹೆಸರು ಪೂರ್ತಿ. ಹೆಂಗಸರು ಬರೇ ಸೌ. ಅಂತ, ಮುಂದ ಅಕ್ಕಿ ಮ್ಯಾಲ ಬರಸಿದ ಹೆಸರು. ಮೊದಲಿನ ಮೂರು ತಲಿಮಾರಿನ್ಯಾಗ ಅದೂ ಇಲ್ಲ. ಕೊಟ್ಟ ಹೆಣ್ಣುಮಕ್ಕಳಂತೂ ಗಿಡದಾಗ ಎಲ್ಲೂ ಇಲ್ಲ. ಮಾವನವರು ಓದಿದ ಸಾಲಿ ಫೀ ತುಂಬಿದ್ದು ಕೊಟ್ಟ ಮನ್ಯಾಗಿದ್ದ ಅವರ ಅಕ್ಕ. ಆಕೀ ಹೆಸರ ಇಲ್ಲ.

ಹುಡುಗ ಹೊಳ್ಳಿ ಮಾಡಿಕೊಡ್ತೇನಿ ಅಂದಾನ, ಆದ್ರ ಹೆಸರು ನಾನು ಕೂಡಿಸಿ ಕೊಡಬೇಕಂತ. ಅದಕ್ಕ ನೆಗೆಣ್ಣ್ಯಾರು, ನಾದಿನ್ಯಾರು, ಅತ್ಯಾಗೋಳು ಎಲ್ಲಾರೂ ಕೇಳ್ರಿ. ನಿಮ್ಮ ತವರಮನಿ ಹೆಸರು, ಲಗ್ನಕ್ಕ ಮೊದಲಿನ ನಿಮ್ಮ ಹೆಸರು, ನಿಮ್ಮ ಅವ್ವನ ಹೆಸರು, ನೆಪ್ಪಿದ್ರ ಆಕೀ ಅವ್ವನ ಹೆಸರು, ಇಷ್ಟು ಬರದು ಬರೋ ಐತವಾರದೊಳಗ ನನ್ನ ವಾಟ್ಸಾಪಿಗೆ ಹಾಕ್ರಿ. ಬರೀಲಿಕ್ಕೆ ಬ್ಯಾಸರಾದ್ರ ಮಾತಾಡಿ ಕಳಸ್ರಿ, ನಾ ಕೇಳಿ ಬರಕೋತೇನಿ. ವಹಿಯೊಳಗ ಇನ್ನೂ ಹನ್ನೊಂದು ಹಾಳಿ ಖಾಲಿ ಅವ.