ಮೊದಲ ಸ್ಥಾನದ ಖಾತರಿ: ದಂಡ ತೆರುವವರು ಯಾರು?

ಗೂಗಲ್ ಶೋಧದಲ್ಲಿ ಮೊದಲ ಸ್ಥಾನ ಕೊಡಿಸುವ ಖಾತರಿ ನೀಡುವ ಎಸ್‌ಇಒ ಸಂಸ್ಥೆಗಳಿಗೆ ಬರವಿಲ್ಲ. ಆದರೆ ಅಂಥ ಖಾತರಿ ಯಾರಿಂದಲೂ ಸಾಧ್ಯವಿಲ್ಲವೆಂದು ಗೂಗಲ್ಲೇ ಸ್ಪಷ್ಟಪಡಿಸಿದೆ. ಜಾಹೀರಾತಿನ ಜಾಗವನ್ನು ಹಣ ತೆತ್ತು ಪಡೆಯಬಹುದು. ಸಹಜ ಫಲಿತಾಂಶದ ಸ್ಥಾನ ಮಾರಾಟಕ್ಕಿಲ್ಲ.

ಅಡ್ಡದಾರಿ ಹಿಡಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆ ಸಮೂಹದ ಪ್ರಕರಣ ನಿದರ್ಶನ. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಅದರ ತಾಣಕ್ಕೆ ಕೊಂಡಿಗಳನ್ನು ಜೋಡಿಸಿದ್ದುದನ್ನು 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ಗೂಗಲ್ ಕ್ರಮ ಕೈಗೊಂಡಾಗ ಒಂದೇ ಗಂಟೆಯೊಳಗೆ, ‘ಲಿವಿಂಗ್ ರೂಮ್ ಫರ್ನಿಚರ್’ ಶೋಧದಲ್ಲಿ ಮೊದಲಿದ್ದ ತಾಣ 68ನೇ ಸ್ಥಾನಕ್ಕೆ ಕುಸಿಯಿತು. ಕೊಂಡಿಗಳ ವಿಚಾರ ತನಗೆ ತಿಳಿದಿರಲಿಲ್ಲವೆಂದ ಕಂಪನಿ ತನ್ನ ಎಸ್‌ಇಒ ಸಂಸ್ಥೆಯನ್ನು ಕೈಬಿಟ್ಟಿತು. ಆದರೆ ದಂಡನೆ ಬಿದ್ದದ್ದು ಕಂಪನಿಯ ತಾಣಕ್ಕೆ.

ಆದ್ದರಿಂದ ಉದ್ಯಮಿಗಳು ಒಪ್ಪಂದಕ್ಕೆ ಮುನ್ನವೇ ಎಚ್ಚರ ವಹಿಸಬೇಕು. ತಾಣದಲ್ಲಿ ಏನನ್ನು ಬದಲಿಸುವರು, ಕೊಂಡಿಗಳನ್ನು ಎಲ್ಲಿಂದ ತರುವರು ಎಂಬುದನ್ನು ಲಿಖಿತವಾಗಿ ತಿಳಿಸಲು ಹಿಂಜರಿಯುವವರನ್ನು ದೂರವಿಡುವುದು ಲೇಸು. ಡೊಮೇನ್ ನೋಂದಣಿ ಮತ್ತು ಸರ್ಚ್ ಕನ್ಸೋಲ್ ಖಾತೆ ಉದ್ಯಮದ ಹೆಸರಿನಲ್ಲಿಯೇ ಇರಬೇಕು. ಪ್ರಾಮಾಣಿಕ ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆನ್ನುತ್ತದೆ ಗೂಗಲ್. ಒಂದೇ ವಾರದಲ್ಲಿ ಪವಾಡ ತೋರುವೆನೆಂಬ ಸಂಸ್ಥೆಯ ಮಾತನ್ನು ಈ ಅಳತೆಗೋಲಿನಿಂದಲೇ ಅಳೆಯಬೇಕು.