ಪ್ರಮಾಣಿಸಿ ನೋಡದ ಲೆಕ್ಕ

"ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಾ ಇದೆ ಮೇಡಂ."

ಈ ಒಂದು ಮಾತು ಕೇಳದೆ ಈಗ ನಮ್ಮ ಊರುಗಳಲ್ಲಿ ಯಾವ ಕೆಲಸವೂ ಮುಗಿಯುವುದಿಲ್ಲ. ಬ್ಯಾಂಕು, ಗ್ಯಾಸ್ ಏಜೆನ್ಸಿ, ವಿಮೆ ಕಚೇರಿ, ದೊಡ್ಡ ಅಂಗಡಿಯ ಬಿಲ್ ಕೌಂಟರು, ಎಲ್ಲಿಗೆ ಹೋದರೂ ಇದೇ ಪಲ್ಲವಿ. ಹೇಳುವವರ ದನಿಯಲ್ಲಿ ಒರಟುತನವಿರುವುದಿಲ್ಲ. ಪಾಪ, ನಯವಾಗಿಯೇ ಹೇಳುತ್ತಾರೆ. ನಾವೂ ಮರುಮಾತಾಡದೆ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬರುತ್ತೇವೆ. ಆದರೆ ಇದು ಉತ್ತರವೇ ಅಲ್ಲ, ಉತ್ತರ ಕೊಡದೆ ತಪ್ಪಿಸಿಕೊಳ್ಳುವ ಹೊಸ ದಾರಿ ಎಂಬುದು ನನ್ನ ವಾದ. ಇದನ್ನು ಒಪ್ಪಿಕೊಂಡು ಸುಮ್ಮನಾಗುವ ನಮ್ಮ ಅಭ್ಯಾಸ ಒಳ್ಳೆಯದಲ್ಲ.

ಹಾಗೆಂದು ಕಂಪ್ಯೂಟರನ್ನು ಹಳಿಯುವ ಜಾತಿಯವಳು ನಾನಲ್ಲ. ವ್ಯಾಪಾರ ನಡೆಸುವವರಿಗೆ ಅದು ಯಾಕೆ ಬೇಕು ಎಂಬುದು ಮನೆ ನಡೆಸುವ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಕ್ಕಿ ಡಬ್ಬ ತಳ ಕಾಣುವ ಮೊದಲೇ ದಿನಸಿ ಚೀಟಿಗೆ ಅಕ್ಕಿ ಸೇರಿಸುತ್ತೇವೆ. ಯಾವ ತಿಂಗಳು ಖರ್ಚು ಹೆಚ್ಚು, ಯಾವ ಅಂಗಡಿಯಲ್ಲಿ ಬೇಳೆ ಸರಿಯಿಲ್ಲ ಎಂದು ನೆನಪಿಟ್ಟುಕೊಂಡು ಮುಂದಿನ ತಿಂಗಳ ತೀರ್ಮಾನ ಮಾಡುತ್ತೇವೆ. ದೊಡ್ಡ ಸಂಸ್ಥೆಗಳು ಮಾಡುವುದೂ ಇದನ್ನೇ. ದಿನದ ಕೊಡುಕೊಳ್ಳುವಿಕೆಯೆಲ್ಲ ಯಂತ್ರಕ್ಕೆ ಸೇರುತ್ತದೆ. ಅಲ್ಲಿಂದ ಒಟ್ಟು ಲೆಕ್ಕ ಮೇಲಿನವರ ಮೇಜಿಗೆ ಹೋಗುತ್ತದೆ. ಯಾವ ಮಾಲು ತರಿಸಬೇಕು, ಯಾರಿಗೆ ಸಾಲ ಕೊಡಬೇಕು, ಯಾರನ್ನು ಕೆಲಸದಿಂದ ತೆಗೆಯಬೇಕು ಎಂದು ಅವರು ಅದನ್ನು ನೋಡಿ ನಿರ್ಧರಿಸುತ್ತಾರೆ.

ನನ್ನ ತಕರಾರು ಇರುವುದು ಇಲ್ಲೇ. ಲೆಕ್ಕ ಹೇಳುವುದು ಬೇರೆ, ತೀರ್ಮಾನ ಹೇಳುವುದು ಬೇರೆ. ಮೊದಲನೆಯದು ಯಂತ್ರದ ಕೆಲಸ, ಎರಡನೆಯದು ಮನುಷ್ಯನದು. ಮನುಷ್ಯ ತನ್ನ ಕೆಲಸವನ್ನು ಯಂತ್ರದ ತಲೆಗೆ ಕಟ್ಟಿ ಕೈ ತೊಳೆದುಕೊಂಡರೆ ಏನಾಗುತ್ತದೆ? "ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ರೇಗಬೇಕೆ?" ಎನ್ನುವವರು ಇಂಗ್ಲೆಂಡಿನ ಅಂಚೆ ಕಚೇರಿಗಳ ಕತೆ ಕೇಳಬೇಕು.

ಅಲ್ಲಿನ ಸಣ್ಣ ಊರುಗಳಲ್ಲಿ ದಿನಸಿ ಅಂಗಡಿಯ ಒಂದು ಮೂಲೆಯಲ್ಲೇ ಅಂಚೆ ಕೌಂಟರ್ ಇರುವುದು ರೂಢಿ. ಅದನ್ನು ನಡೆಸುವವರು ಸಂಬಳದ ನೌಕರರಲ್ಲ. ಸರ್ಕಾರದ ಒಡೆತನದ ಪೋಸ್ಟ್ ಆಫೀಸ್ ಕಂಪನಿಯೊಂದಿಗೆ ಕರಾರು ಮಾಡಿಕೊಂಡ ಅಂಗಡಿಕಾರರು. ಅವರಲ್ಲಿ ಹೆಂಗಸರೂ ಇದ್ದರು, ನಮ್ಮ ದೇಶದಿಂದ ಹೋಗಿ ನೆಲೆಸಿದವರೂ ಇದ್ದರು. 1999ರಿಂದ ಈ ಕೌಂಟರುಗಳಿಗೆಲ್ಲ 'ಹೊರೈಜನ್' ಎಂಬ ಕಂಪ್ಯೂಟರ್ ಲೆಕ್ಕ ಬಂತು. ಅದನ್ನು ಒದಗಿಸಿದ್ದು ಜಪಾನಿನ ಫುಜಿತ್ಸು ಸಂಸ್ಥೆಯ ಒಡೆತನದಲ್ಲಿದ್ದ ಕಂಪನಿ. ಅದು ಬಂದದ್ದೇ ತಡ, ಅಲ್ಲೊಂದು ಇಲ್ಲೊಂದು ಕೌಂಟರಿನಲ್ಲಿ ಹಣ ಕಡಿಮೆ ಬಿದ್ದಂತೆ ತೋರಿಸಲು ತೊಡಗಿತು. ಕಡಿಮೆ ಬಿದ್ದದ್ದನ್ನು ಕೈಯಿಂದ ತುಂಬಿಕೊಡಬೇಕು ಎಂದು ಕಂಪನಿ ಪಟ್ಟು ಹಿಡಿಯಿತು. ಸಹಾಯಕ್ಕೆಂದು ಫೋನ್ ಮಾಡಿದ ಎಷ್ಟೋ ಜನರಿಗೆ ಸಿಕ್ಕ ಉತ್ತರ ಒಂದೇ: "ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮಗೊಬ್ಬರಿಗೇ."

ಹ್ಯಾಂಪ್‌ಶೈರಿನ ಹಳ್ಳಿಯೊಂದರಲ್ಲಿ ಜೋ ಹ್ಯಾಮಿಲ್ಟನ್ ಎಂಬಾಕೆ ಅಂಗಡಿ ನಡೆಸುತ್ತಿದ್ದಳು. ಪರದೆಯ ಮೇಲೆ ಸುಮಾರು 2,000 ಪೌಂಡ್ ಕಡಿಮೆ ತೋರಿಸಿತು. ಸಹಾಯವಾಣಿಯವರು ಹೇಳಿದ ಗುಂಡಿಗಳನ್ನೇ ಒತ್ತಿದಳು. ನೋಡನೋಡುತ್ತಿದ್ದಂತೆ ಅದು ದುಪ್ಪಟ್ಟಾಯಿತು! ಕೊನೆಗೆ 36,000 ಪೌಂಡ್ ಕದ್ದಳೆಂದು ಮೊಕದ್ದಮೆ. ಜೈಲಿಗೆ ಹೆದರಿ, ಸುಳ್ಳು ಲೆಕ್ಕ ಬರೆದೆ ಎಂದು ಆಕೆ ತಪ್ಪೊಪ್ಪಿಕೊಂಡಳು. ಊರಿನವರು ಹಣ ಕೂಡಿಸಿ ನೆರವಾದರು. ಆಕೆ ಎಂಥವಳು ಎಂದು ಊರಿಗೆ ಗೊತ್ತಿತ್ತು, ಕಂಪನಿಗೆ ಗೊತ್ತಿರಲಿಲ್ಲ.

ಸೀಮಾ ಮಿಶ್ರಾ ನಮ್ಮ ದೇಶದ ಹೆಣ್ಣುಮಗಳು. ಸರ್ರೆಯ ವೆಸ್ಟ್ ಬೈಫ್ಲೀಟ್‌ನಲ್ಲಿ ಆಕೆಯ ಅಂಚೆ ಅಂಗಡಿ. ಸುಮಾರು 74,000 ಪೌಂಡ್ ಕದ್ದಳೆಂಬ ಆರೋಪಕ್ಕೆ 2010ರ ನವೆಂಬರಿನಲ್ಲಿ ಹದಿನೈದು ತಿಂಗಳ ಶಿಕ್ಷೆಯಾಯಿತು. ಆಗ ಆಕೆ ಗರ್ಭಿಣಿ. ಅಂದೇ ಮಗನಿಗೆ ಹತ್ತು ವರ್ಷ ತುಂಬಿದ ಹುಟ್ಟುಹಬ್ಬ. ಜೈಲಿನಿಂದ ಬಿಟ್ಟ ಮೇಲೂ ಕಾಲಿಗೆ ಕಾವಲಿನ ಪಟ್ಟಿ. ಅದನ್ನು ಕಟ್ಟಿಕೊಂಡೇ ಹೆರಿಗೆ. ಕದ್ದ ಹಣ ಎಲ್ಲಿ ಎಂದರೆ, ಎಲ್ಲಿಯೂ ಇಲ್ಲ. ಇದ್ದರಲ್ಲವೆ ಸಿಗುವುದು!

ಹೀಗೆ 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆ ನಡೆಯಿತು. ಬಹುಪಾಲನ್ನು ಹೂಡಿದ್ದು ಪೊಲೀಸರಲ್ಲ, ಆ ಕಂಪನಿಯೇ. ದೂರು ಕೊಡುವವರೂ ಅವರೇ, ತನಿಖೆ ಮಾಡುವವರೂ ಅವರೇ. ಕಂಪ್ಯೂಟರಿನ ಸಾಕ್ಷ್ಯ ಕೊಡುವವರು ಅದು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಮೊದಲು ತೋರಿಸಬೇಕು ಎಂಬ ಕಾನೂನು ಅಲ್ಲಿತ್ತು. ಅದನ್ನು ರದ್ದು ಮಾಡುವ ಕಾಯ್ದೆ ಬಂದದ್ದೂ 1999ರಲ್ಲೇ. ಅಲ್ಲಿಗೆ ಯಂತ್ರ ಸತ್ಯಹರಿಶ್ಚಂದ್ರನಾಯಿತು, ಮನುಷ್ಯ ಕಳ್ಳನಾದ.

ನನಗೆ ಸಿಟ್ಟು ಬರುವುದು ಯಂತ್ರ ತಪ್ಪಿತೆಂದು ಅಲ್ಲ. ಯಂತ್ರ ತಪ್ಪುವುದು ಸಹಜ. 'ಇಷ್ಟು ಹಣ ಕಡಿಮೆ' ಎಂದದ್ದು ಯಂತ್ರ. 'ಇವಳು ಕಳ್ಳಿ' ಎಂದದ್ದು ಕೋಟು ತೊಟ್ಟ ಮನುಷ್ಯರು. ಅವರ ಬಳಿಯೂ ಲೆಕ್ಕವಿತ್ತಲ್ಲ? ವರ್ಷಗಟ್ಟಲೆ ನಿಯತ್ತಾಗಿ ಅಂಗಡಿ ನಡೆಸಿದವರು ಹೊಸ ಯಂತ್ರ ಬಂದ ಮೇಲೆ ನೂರಾರು ಸಂಖ್ಯೆಯಲ್ಲಿ ಕಳ್ಳರಾದದ್ದು ಹೇಗೆ? ಈ ಒಂದು ಪ್ರಶ್ನೆಗೆ ಬೇಕಾದ ಮಾಹಿತಿ ಮೇಲಿನವರ ಕೈಯಲ್ಲೇ ಇತ್ತು. ಕೆಳಗಿದ್ದವರಿಗೆ ತಮ್ಮದೊಂದೇ ಕೌಂಟರು ಕಾಣುತ್ತಿತ್ತು, ಮೇಲಿದ್ದವರಿಗೆ ಇಡೀ ದೇಶ ಕಾಣುತ್ತಿತ್ತು. ಕಂಡರೂ ನೋಡಲಿಲ್ಲ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದವರ ಸಾಲಿಗೆ ಸೇರಿದರು.

ನಿಜ ಹೊರಬಿದ್ದದ್ದು ಕಂಪನಿಯ ಒಳಗಿನಿಂದಲ್ಲ. ಅಲನ್ ಬೇಟ್ಸ್ ಎಂಬ, ಕೌಂಟರು ಕಳೆದುಕೊಂಡ ಅಂಗಡಿಕಾರ ತನ್ನಂಥವರನ್ನು ಒಂದೊಂದಾಗಿ ಹುಡುಕಿ ಕೂಡಿಸಿದ. 555 ಜನ ಸೇರಿ ದಾವೆ ಹೂಡಿದರು. ಹೊರೈಜನ್ನಿನಲ್ಲಿ ದೋಷಗಳಿದ್ದವು, ಅಂಗಡಿಕಾರರ ಲೆಕ್ಕವನ್ನು ದೂರದಿಂದಲೇ ಬದಲಾಯಿಸಲು ಸಾಧ್ಯವಿತ್ತು ಎಂದು 2019ರ ಡಿಸೆಂಬರಿನಲ್ಲಿ ನ್ಯಾಯಾಲಯ ಹೇಳಿತು. 2021ರ ಏಪ್ರಿಲ್‌ನಲ್ಲಿ ಜೋ, ಸೀಮಾ ಸೇರಿ 39 ಜನರ ಶಿಕ್ಷೆ ರದ್ದಾಯಿತು. ಉಳಿದ ನೂರಾರು ಜನರಿಗಾಗಿ 2024ರಲ್ಲಿ ಪಾರ್ಲಿಮೆಂಟೇ ಕಾಯ್ದೆ ಮಾಡಬೇಕಾಯಿತು. ಅಷ್ಟರಲ್ಲಿ ಮನೆ ಮಾರಿದವರು, ಸಂಸಾರ ಒಡೆದವರು, ಸತ್ತವರು ಎಷ್ಟೋ ಜನ. ಕನಿಷ್ಠ 13 ಜನ ಇದೇ ಕೊರಗಿನಲ್ಲಿ ಪ್ರಾಣ ಕಳೆದುಕೊಂಡಿರಬಹುದು ಎಂದು 2025ರಲ್ಲಿ ಹೊರಬಂದ ವಿಚಾರಣಾ ವರದಿ ಹೇಳಿತು.

"ಕೈಬರಹದ ಕಾಲದಲ್ಲಿ ಮೋಸವಿರಲಿಲ್ಲವೇ?" ಎಂದು ಕೇಳುತ್ತೀರಿ. ಇರದೆ ಏನು! ಪಹಣಿಗಾಗಿ ಶಾನುಭೋಗರ ಮನೆ ಬಾಗಿಲು ಕಾಯ್ದ ರೈತರನ್ನು ಕೇಳಿ ನೋಡಿ. ನಮ್ಮ ರಾಜ್ಯದಲ್ಲಿ 2001ರ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬಂತು. ಆ ಕೌಂಟರುಗಳಲ್ಲಿ ಒಂದು ಒಳ್ಳೆಯ ಏರ್ಪಾಡಿತ್ತು. ಗುಮಾಸ್ತನಿಗೆ ಒಂದು ಪರದೆಯಾದರೆ, ಎದುರು ನಿಂತ ರೈತನ ಕಡೆಗೆ ಇನ್ನೊಂದು ಪರದೆ. ತನ್ನ ಹೆಸರು, ತನ್ನ ಸರ್ವೆ ನಂಬರು ಸರಿಯಿದೆಯೇ ಎಂದು ಅವನೂ ನೋಡಬಹುದಿತ್ತು. ಪಹಣಿಯ ತಪ್ಪು ತಿದ್ದಿಸಲು ಅಲೆಯುವವರು ಈಗಲೂ ಇದ್ದಾರೆ, ಆ ಮಾತು ಬೇರೆ. ಕಂಡ ತಪ್ಪನ್ನು ತಪ್ಪು ಎಂದಾದರೂ ಹೇಳಬಹುದು.

ಹಳ್ಳಿಯ ಹಾಲಿನ ಡೇರಿಗೆ ಹೋಗಿ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿ, ಫ್ಯಾಟ್ ನೋಡುವ ಯಂತ್ರ ಬಂದ ಕಡೆಯಲ್ಲಿ ಹಾಲು ಹಾಕಿದ ಹೆಂಗಸಿನ ಕೈಗೆ ಚೀಟಿ ಬರುತ್ತದೆ. ಎಷ್ಟು ಹಾಲು, ಎಷ್ಟು ಫ್ಯಾಟ್, ಎಷ್ಟು ದುಡ್ಡು ಎಲ್ಲ ಅದರಲ್ಲಿದೆ. ಲೆಕ್ಕ ಒಕ್ಕೂಟಕ್ಕೂ ಹೋಯಿತು, ಆಕೆಯ ಸೆರಗಿನ ಗಂಟಿಗೂ ಸೇರಿತು. ವರ್ತನೆಯ ಹಾಲಿಗೆ ನಮ್ಮ ತಾಯಂದಿರು ಮಾಡುತ್ತಿದ್ದದ್ದೂ ಇದೇ. ಹಾಲಿನವಳದು ಒಂದು ಗುರುತು, ಮನೆಯ ಕ್ಯಾಲೆಂಡರಿನ ಮೇಲೆ ಇನ್ನೊಂದು ಗುರುತು. ತಿಂಗಳ ಕೊನೆಗೆ ಎರಡೂ ತಾಳೆಯಾಗಬೇಕು. ಆಗದಿದ್ದರೆ ಜಗಲಿಯ ಮೇಲೆ ಕೂತು ಮಾತು. ಎರಡೂ ಕಡೆಗೆ ಕಾಣುವ ಲೆಕ್ಕಕ್ಕೆ ಮಾತ್ರ ಲೆಕ್ಕದ ಮರ್ಯಾದೆ.

ನಮ್ಮ ಶಾಲೆಗಳಲ್ಲಿ ಗಣಿತದ ಉತ್ತರಪತ್ರಿಕೆಯಲ್ಲಿ ಕೊನೆಯ ಉತ್ತರವೊಂದನ್ನೇ ಬರೆದ ಮಗುವಿಗೆ ಪೂರ್ತಿ ಅಂಕ ಕೊಡುವುದಿಲ್ಲ. ಹಂತಗಳೆಲ್ಲಿ ಎಂದು ಕೇಳುತ್ತೇವೆ. ಹತ್ತು ವರ್ಷದ ಮಗುವಿಗೆ ಇರುವ ಈ ನಿಯಮ ಕೋಟಿಗಟ್ಟಲೆ ವಹಿವಾಟು ನಡೆಸುವ ಸಂಸ್ಥೆಗೆ ಯಾಕಿಲ್ಲ?

ಆದ್ದರಿಂದ ಸೋದರಿಯರೇ, ಮುಂದಿನ ಸಲ ಆ ಮಾತು ಕೇಳಿದಾಗ ಚೀಲ ಹೆಗಲಿಗೇರಿಸಬೇಡಿ. ಮೂರು ಪ್ರಶ್ನೆ ಕೇಳಿ. ಈ ಅಂಕಿಯನ್ನು ಯಂತ್ರಕ್ಕೆ ಹಾಕಿದವರು ಯಾರು? ನನ್ನ ಲೆಕ್ಕದ ವಿವರ ಕಾಗದದ ಮೇಲೆ ಕೊಡುತ್ತೀರಾ? ಇದು ತಪ್ಪಾಗಿದ್ದರೆ ತಿದ್ದುವ ಅಧಿಕಾರ ಇರುವವರ ಹೆಸರೇನು? ಹಿಂದಿನ ಸಾಲಿನವರು ಗೊಣಗಿದರೆ ಗೊಣಗಲಿ. ನಾಳೆ ಅವರ ಸರದಿಗೂ ಈ ಪ್ರಶ್ನೆಗಳೇ ಬೇಕಾಗುತ್ತವೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಅವರು ಕಂಪ್ಯೂಟರಿಗೆ ಮಾತ್ರ ವಿನಾಯಿತಿ ಕೊಟ್ಟು ಹೋದದ್ದನ್ನು ನಾನಂತೂ ಎಲ್ಲಿಯೂ ಕೇಳಿಲ್ಲ.